ದಾರಿ ಬಿಡುವ ಹುಡುಗರು

ಎಂಟು ತಂಡಗಳ ಉಪನಗರ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಶಿವಪುತ್ರಪ್ಪನ ತಂಡ ಹೋದ ವರ್ಷ ಐದನೆಯದಾಗಿತ್ತು. ಅದರ ಹಿಂದಿನ ವರ್ಷವೂ ಐದನೆಯದೇ. ಕೊನೆಗೆ ಬಂದವರನ್ನು ಕಂಡು ಜನ ಅಯ್ಯೋ ಪಾಪ ಎಂದಾದರೂ ಅನ್ನುತ್ತಾರೆ. ಐದನೆಯವರನ್ನು ಯಾರೂ ಏನೂ ಕೇಳುವುದಿಲ್ಲ.

ಕೇಳುವವಳು ಒಬ್ಬಳಿದ್ದಳು, ಹೆಂಡತಿ ಕಾಶವ್ವ.

"ಎಲ್ಲೀತನಕ ಬಂತ್ರೀ ನಿಮ್ಮ ಪಂಚವಾರ್ಷಿಕ ಯೋಜನಾ?" ರೊಟ್ಟಿ ಬಡಿಯುತ್ತ ಅವಳು ಅಂದಳು. "ಸರಕಾರದವರು ಹೊಳೀಗೆ ಕಟ್ಟಿ ಕಟ್ಟಾಕತ್ತಾರಂತ. ನೀವು ನೋಡಿದ್ರ ಇನ್ನೂ ಬುನಾದೀನ ತೋಡಾಕತ್ತೀರಿ."

"ಇವತ್ತ ಗೆದ್ರ ನಾಕನೇ ನಂಬರ," ಎಂದು ಶಿವಪುತ್ರಪ್ಪ ಸೀಟಿಯನ್ನು ಕೊರಳಿಗೆ ಹಾಕಿಕೊಂಡ.

"ಸೋತ್ರ?"

ಅವನು ಚಪ್ಪಲಿ ಮೆಟ್ಟಿ ಹೊರಬಿದ್ದ. ಸೋತರೆ ತಂಡವೇ ಇರುವುದಿಲ್ಲ.

ವಿಜಾಪುರದ ಕಡೆಯ ಶಿವಪುತ್ರಪ್ಪ ಈ ಆಟ ಕಲಿತದ್ದು ಮಿಲಿಟರಿಯಲ್ಲಿ. ಈಗ ಒಂದು ಗಿರಣಿಯಲ್ಲಿ ರಾತ್ರಿ ಕಾವಲು. ಘಾಟ್ಕೋಪರದ ಕನ್ನಡ ಮಂಡಳಿಗೆ ಅವನು ಕಟ್ಟಿದ ಮೊದಲ ತಂಡ ಗಟ್ಟಿಯಾಗಿತ್ತು. ಎಲ್ಲರೂ ಕಾರಕೂನರು. ಆಡುತ್ತ ಆಡುತ್ತ ಇಬ್ಬರಿಗೆ ರೈಲ್ವೆ ತಂಡದಲ್ಲಿ ನೌಕರಿ ಸಿಕ್ಕಿತು, ಒಬ್ಬನಿಗೆ ನಾಗಪುರಕ್ಕೆ ವರ್ಗವಾಯಿತು, ಉಳಿದವರು ಮದುವೆಯಾಗಿ ಹೊಟ್ಟೆ ಬೆಳೆಸಿದರು. ಆಗ ಅವನು ಮೈದಾನದ ಪಕ್ಕದ ಉಡುಪಿ ಹೋಟೆಲಿನ ಮಾಲಕ ದೂಜ ಪೂಜಾರಿಯ ಮುಂದೆ ಹೋಗಿ ನಿಂತ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ತನಕ ಮಾಣಿಗಳನ್ನು ಆಡಲು ಬಿಡಲು ದೂಜ ಒಪ್ಪಿದ. ಹಾಗೆ ಸುಡುಬಿಸಿಲಿನಲ್ಲಿ ಹೊಸ ತಂಡ ಎದ್ದಿತು.

ಹುಡುಗರು ಬೇಗ ಕಲಿತರು. ಒಂದೇ ಕೈಯಲ್ಲಿ ನಾಲ್ಕು ಕಪ್ಪು-ಬಸಿ ಚಹಾ ಒಯ್ಯುವವರ ಕೈಯಿಂದ ಚೆಂಡು ಜಾರುವುದಿಲ್ಲ. ಅವರದು ಒಂದೇ ದೋಷ: ಎದುರಾಳಿ ಮೈಮೇಲೆ ಬಂದರೆ ಸರಕ್ಕನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಇಕ್ಕಟ್ಟಾದ ಹೋಟೆಲಿನಲ್ಲಿ ಓಡಾಡಿ ಬಂದ ಚಾಳಿ ಇದು ಎಂದುಕೊಂಡ ಶಿವಪುತ್ರಪ್ಪ, ಅವರವರಲ್ಲೇ ಹೆಗಲಿಗೆ ಹೆಗಲು ಕೊಟ್ಟು ಗುದ್ದಾಡಿಸಿದ. ತಮ್ಮತಮ್ಮೊಳಗೆ ಹೋರಿಗಳ ಹಾಗೆ ಗುದ್ದಾಡಿದರು. ಪಂದ್ಯಕ್ಕೆ ಇಳಿದರೆ ಮತ್ತೆ ಅದೇ. ಮುಂದಿನ ವರ್ಷ ಸರಿಹೋಗುತ್ತದೆ ಎಂದು ದೂಜನಿಗೆ ಹೇಳಿ ಹೇಳಿ ಅವನ ನಾಲಿಗೆಯೇ ದಣಿದಿತ್ತು. ಈ ಸಲ ದೂಜ ಖಡಾಖಂಡಿತವಾಗಿ ಅಂದಿದ್ದ: "ನಾಲ್ಕರೊಳಗೆ ಬಂದ್ರೆ ಮಾತ್ರ ರಜೆ, ಮಾರಾಯ್ರೆ. ಇಲ್ಲದಿದ್ರೆ ಹುಡುಗ್ರು ಮಧ್ಯಾಹ್ನ ಮಲಗ್ಲಿ. ಅವರಿಗೂ ಜೀವ ಉಂಟು."

ಕೊನೆಯ ಪಂದ್ಯ ಬ್ಯಾಂಕಿನವರ ಮೇಲೆ. ಎಂದೂ ಮೈದಾನಕ್ಕೆ ಬಾರದ ದೂಜ ಅಂದು ಕೊಡೆ ಬಿಡಿಸಿಕೊಂಡು ಬಂದು ಶಿವಪುತ್ರಪ್ಪನ ಪಕ್ಕ ನಿಂತ.

ಆಟ ಹಳೆಯ ದಾರಿಯಲ್ಲೇ ಹೊರಟಿತು. ಬ್ಯಾಂಕಿನ ಸಾಮಂತ ಚೆಂಡು ಪುಟಿಸುತ್ತ ನೇರ ನುಗ್ಗಿದ. ಎದುರಿಗಿದ್ದ ಮಾಣಿ ಸದಾನಂದ ಅರೆಗಳಿಗೆ ನಿಂತು ಪಕ್ಕಕ್ಕೆ ಸರಿದ. ಸರಿಯುವಾಗ ಅವನ ಎಡಗೈ ಬನ್ನಿ ಎಂಬಂತೆ ಒಳಗಿನ ದಾರಿಯನ್ನೂ ತೋರಿಸಿತು.

ದೂಜ ನಕ್ಕುಬಿಟ್ಟ. "ಅವರು ನಮ್ಮ ಸಾಮಂತ್ ಸಾಹೇಬ್ರಲ್ವಾ!"

"ಯಾರು?"

"ಗೋಡೆ ಬದಿಯ ಟೇಬಲಿನವರು, ಮಾರಾಯ್ರೆ. ಅಗೋ, ಆ ಉದ್ದದವ್ರಿಗೆ ಖಡಕ್ ಚಹಾ. ಆಚೆಯವ್ರಿಗೆ ಎರಡು ವಡೆ, ಚಟ್ನಿ ಬೇರೆ ಕೊಡ್ಬೇಕು. ಎಲ್ಲ ನಮ್ಮ ಗಿರಾಕಿಗಳೇ. ಬರೀ ಇವರಲ್ಲ, ಇಲ್ಲಿ ಆಡ್ಲಿಕ್ಕೆ ಬರುವವ್ರೆಲ್ಲ ಆಟ ಮುಗಿಸಿ ಬರೂದು ನಮ್ಮಲ್ಲಿಗೇ. ನಿಮಗೆ ಗೊತ್ತಿಲ್ವಾ?"

ಶಿವಪುತ್ರಪ್ಪನಿಗೆ ಗೊತ್ತಿರಲಿಲ್ಲ. ಪಂದ್ಯ ಮುಗಿದ ಕೂಡಲೇ ಅವನು ಗಿರಣಿಯ ಕಾವಲಿಗೆ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದ. ಆಮೇಲೆ ಹುಡುಗರು ಬನಿಯನ್ ಬದಲಿಸಿ, ತಮ್ಮನ್ನು ಸೋಲಿಸಿದವರ ಮುಂದೆಯೇ ಚಹಾ ತಂದಿಡುವುದನ್ನು ಅವನು ನೋಡಿಯೇ ಇರಲಿಲ್ಲ.

ಅರ್ಧ ಆಟ ಮುಗಿಯಿತು. ಬ್ಯಾಂಕಿನವರು ಬಹಳ ಮುಂದಿದ್ದರು. ಶಿವಪುತ್ರಪ್ಪ ಸದಾನಂದನನ್ನು ಬದಿಗೆ ಕರೆದ.

"ಖರೇ ಹೇಳು. ಯಾಕ ದಾರಿ ಬಿಡ್ತಿ?"

"ನಾನು ಬಿಡೂದಲ್ಲ ಮಾಸ್ಟ್ರೇ. ಅವರು ಎದುರು ಬಂದ್ರೆ ಕಾಲು ತಾನಾಗಿ ಹಿಂದೆ ಹೋಗ್ತದೆ," ಸದಾನಂದ ತಲೆ ತಗ್ಗಿಸಿದ. "ಈಗ ಢಿಕ್ಕಿ ಕೊಟ್ರೆ, ಆಮೇಲೆ ಹೋಟೆಲಿಗೆ ಬಂದು ಧಣಿಗಳ ಹತ್ರ ಚಾಡಿ ಹೇಳಿದ್ರೆ?"

ಶಿವಪುತ್ರಪ್ಪ ದೂಜನ ಕಡೆ ತಿರುಗಿದ. "ಮಾಲಕರ, ಒಂದು ಮಾತ ನೀವ ಹೇಳಬೇಕ್ರಿ."

"ಎಂಥ? ಗಿರಾಕಿಗೆ ಢಿಕ್ಕಿ ಕೊಡಿ ಅಂತ ನಾನು ಹೇಳೂದಾ?" ದೂಜ ಕೊಡೆ ಮಡಚಿದ. "ನನ್ನ ಹೊಟ್ಟೆ ಮೇಲೆ ನಾನೇ ಕಾಲಿಡ್ಲಾ?"

"ನಾ ಮೂರು ವರ್ಷ ಹೇಳೇನ್ರಿ. ಅವರ ಕಿವಿಗೆ ಹೋಗಿಲ್ಲ. ನೀವು ಒಮ್ಮೆ ಹೇಳ್ರಿ."

ದೂಜ ಕೊಡೆಯ ತುದಿಯಿಂದ ಮಣ್ಣು ಕೆದಕಿದ. ಆಮೇಲೆ ಹುಡುಗರ ನಡುವೆ ಹೋಗಿ, ಯಾರ ಮುಖವನ್ನೂ ನೋಡದೆ ಅಂದ: "ಇದು ನನ್ನ ಹೋಟೆಲ್ ಅಲ್ಲ. ಅವರು ಬಿದ್ರೆ ಎಬ್ಬಿಸಿ. ಆದ್ರೆ ದಾರಿ ಬಿಡ್ಬೇಡಿ."

ಆಟ ಮತ್ತೆ ಶುರುವಾಯಿತು. ಸಾಮಂತ ಎಂದಿನ ಭರವಸೆಯಲ್ಲಿ ನುಗ್ಗಿ ಬಂದ. ಸದಾನಂದ ಕೊನೆಯ ಗಳಿಗೆಯಲ್ಲಿ ಅಡ್ಡ ಬಂದು ಕಣ್ಣು ಮುಚ್ಚಿ ನಿಂತೇಬಿಟ್ಟ. ಧಡ್ ಎಂದಿತು. ಸಾಮಂತ ಅಂಗಾತ ಬಿದ್ದ. ರೆಫರಿಯ ಸೀಟಿ ಕೇಳಿತು, ಸದಾನಂದನ ಮೇಲೆ ಫೌಲ್. ಅವನು ಓಡಿಹೋಗಿ ಸಾಮಂತನನ್ನು ಎಬ್ಬಿಸಿ ಅಂಗಿಯ ಧೂಳು ಕೊಡವಿದ.

"ಕ್ಯಾ ರೇ, ಆಜ್ ಚಾಯ್ ನಹೀ ಪಿಲಾಯೇಗಾ?" ಇವತ್ತು ಚಹಾ ಕುಡಿಸುವುದಿಲ್ಲವೇನೋ ಎಂದು ಸಾಮಂತ ಕೆರಳಿ ಕೇಳಿದ.

"ಪಿಲಾಯೇಗಾ ಸಾಬ್. ಖೇಲ್ ಕೆ ಬಾದ್," ಆಟ ಮುಗಿದ ಮೇಲೆ ಎಂದ ಸದಾನಂದ.

ಅಲ್ಲಿಂದ ಮುಂದೆ ಯಾರೂ ಸರಿಯಲಿಲ್ಲ. ಆದರೆ ನಿಲ್ಲುವುದು ಹೇಗೆಂದು ಒಬ್ಬನಿಗೂ ತಿಳಿದಿರಲಿಲ್ಲ. ಫೌಲಿನ ಮೇಲೆ ಫೌಲ್. ಮಾಣಿಗಳಲ್ಲಿ ಶೇಖರ ಐದು ಫೌಲಿನ ಮಿತಿ ಮುಟ್ಟಿ ಆಟದಿಂದ ಹೊರಗೆ ಬಂದ. ಆದರೂ ಬ್ಯಾಂಕಿನವರಿಗೆ ಸಲೀಸು ದಾರಿ ಸಿಗದೆ ಅಂತರ ಕರಗುತ್ತ ಕರಗುತ್ತ ಬಂದು ಮೂರು ಪಾಯಿಂಟಿನಲ್ಲಿ ನಿಂತಾಗ ಹೊತ್ತು ಮುಗಿದಿತ್ತು. ಸೋಲು. ಮತ್ತೆ ಐದನೆಯ ಸ್ಥಾನ.

ಶಿವಪುತ್ರಪ್ಪ ಅಂದು ಎಂದಿನ ಲೋಕಲ್ ಬಿಟ್ಟು ಹೋಟೆಲಿಗೆ ಹೋದ. ದೂಜನ ತೀರ್ಪು ಏನಾದರೂ ಕೇಳಿಯೇ ಹೋಗೋಣವೆಂದು ದುಡ್ಡಿನ ಗಲ್ಲಾದ ಹತ್ತಿರದ ಬೆಂಚಿನಲ್ಲಿ ಕುಳಿತ. ದೂಜ ಬಾಗಿಲನ್ನೇ ನೋಡುತ್ತಿದ್ದ.

"ಸತ್ಯ ಹೇಳಿ, ಮಾಸ್ಟ್ರೇ. ನಮ್ಮ ತಂಡ ಮುಂದೆ ಹೋಗ್ತಾ ಉಂಟಾ? ಅಲ್ಲೇ ಉಂಟಾ?"

ಹೊಗಳಿ ಹೇಳಲು ಶಿವಪುತ್ರಪ್ಪನಲ್ಲಿ ಶಕ್ತಿ ಉಳಿದಿರಲಿಲ್ಲ. "ಇಷ್ಟ ದಿನ ಅಲ್ಲೇ ಇತ್ರಿ. ಮುಂದ ಹೊಂಟೈತಿ ಅಂತ ನಿಮಗ ಹೇಳಿದ್ದು ನನ್ನ ಸಮಾಧಾನಕ್ಕ. ಇವತ್ತ ಅರ್ಧ ಆಟ ಬ್ಯಾರೆ ಇತ್ತು. ಇದಕ್ಕ ಏನಂತಾರೋ ನನಗ ತಿಳೀವಲ್ದು."

ಅಷ್ಟರಲ್ಲಿ ಬ್ಯಾಂಕಿನವರು ಬಂದರು. ಸಾಮಂತ ಮೊಣಕೈ ಹಿಡಿದುಕೊಂಡು ಗೋಡೆ ಬದಿಗೆ ಕುಳಿತ. ಸದಾನಂದ ಚಹಾ ತಂದಿಟ್ಟ. ಸಾಮಂತ ಅವನ ಮುಖವನ್ನೊಮ್ಮೆ ನೋಡಿದ, ಚಹಾವನ್ನು ಬಸಿಗೆ ಸುರಿದುಕೊಂಡ, ಕುಡಿದ. "ಔರ್ ಏಕ್ ಲಾವ್," ಎಂದು ಇನ್ನೊಂದು ಚಹಾ ಕೇಳಿದ.

ದೂಜ ಉಸಿರು ಬಿಟ್ಟ. "ನಾನು ಹೇಳಿದ ಮಾತು ಹೇಳಿದ್ದೇ. ದಿನಾ ರಜೆ ಇನ್ನು ಆಗೂದಿಲ್ಲ," ಎಂದ. ಗಲ್ಲಾದ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಅಂಗೈಯಿಂದ ಒರೆಸುತ್ತ ಮೆತ್ತಗೆ ಸೇರಿಸಿದ, "ಬುಧವಾರ, ಶುಕ್ರವಾರ ಕರ್ಕೊಂಡು ಹೋಗಿ. ನೋಡುವಾ."

ಇದು ಗೆಲುವೋ ಸೋಲೋ ಶಿವಪುತ್ರಪ್ಪನಿಗೆ ತೋಚಲಿಲ್ಲ. ಆಗಲಿ ಎಂದು ತಲೆಯಾಡಿಸಿದ.

ಸದಾನಂದ ಅವನ ಮುಂದೆ ನೀರಿನ ಲೋಟ ಇಟ್ಟು ಅಲ್ಲೇ ನಿಂತ. "ಮಾಸ್ಟ್ರೇ, ಫೌಲ್ ಆಗದ ಹಾಗೆ ಅಡ್ಡ ನಿಲ್ಲೂದು ಹೇಗೆ?"

ಇಷ್ಟು ವರ್ಷದಲ್ಲಿ ಹುಡುಗರು ಕೇಳದ ಪ್ರಶ್ನೆ ಅದು.

"ಅವ ಬರೂಕಿಂತ ಮೊದಲ ಹೋಗಿ ನಿಂದರಬೇಕು. ತಡಾ ಮಾಡಿ ಅಡ್ಡ ಹೋದಿ ಅಂದ್ರ ಫೌಲ್." ತೋರಿಸಲೆಂದು ಏಳಹೋದ ಶಿವಪುತ್ರಪ್ಪ ಮೊಣಕಾಲು ಹಿಡಿದು ಮತ್ತೆ ಕುಳಿತ. "ಬುಧವಾರ ತೋರಸ್ತೀನಿ ತಮ್ಮಾ. ಇವತ್ತ ಕಾಲಾಗ ತ್ರಾಣ ಇಲ್ಲ. ಒಂದು ಚಾ ಕೊಡು."