ಬೀಗರ ಸೀಸದ ದಂಡು

ಕಾಮಗೆರೆಯ ಗುರುಮಲ್ಲಪ್ಪನವರು ಬೀರು ಕೊಳ್ಳಲು ಹೋಗಿ ದಂಡು ಕೊಂಡು ಬಂದರು. ಜರ್ಮನಿಯವನ ಯುದ್ಧ ಜೋರಾಗಿದ್ದ ಕಾಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ದೊರೆಯೊಬ್ಬ ತೋಟ ಮಾರಿ ಸೀಮೆಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ್ದ. ಇವರ ಪಾಲಿಗೆ ತೇಗದ ಬೀರು ಬಂತು. ಮನೆಗೆ ತಂದು ಬಾಗಿಲು ತೆಗೆದರೆ ಕೆಳಗಿನ ಅರೆಯಲ್ಲಿ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಹೆಬ್ಬೆರಳುದ್ದದ ಸೀಸದ ಸಿಪಾಯಿಗಳು. ಅರ್ಧ ಜನಕ್ಕೆ ಕೆಂಪು ಕೋಟು, ಅರ್ಧ ಜನಕ್ಕೆ ನೀಲಿ ಕೋಟು. ಜೊತೆಗೆ ಕುದುರೆ, ಫಿರಂಗಿ, ತುತ್ತೂರಿಯವನು.

ಇಂಥದ್ದು ಕಣ್ಣಿಗೆ ಬಿದ್ದರೆ ಬೀದಿಯ ಮಕ್ಕಳಿಗೆ ಹಂಚಿ ಕೈತೊಳೆದುಕೊಳ್ಳುವುದು ಲೋಕದ ಕ್ರಮ. ಗುರುಮಲ್ಲಪ್ಪನವರೂ ಹಾಗೇ ಮಾಡುತ್ತಿದ್ದರು. ಆದರೆ ಬೀರಿನ ಗಾಡಿಯ ಜೊತೆಗೆ ಆ ದೊರೆಯ ಬಟ್ಲರ್ ಮುತ್ತಯ್ಯನೂ ಕೆಲಸ ಕೇಳಿಕೊಂಡು ಬಂದಿದ್ದ. ಅವನು ಬಾಯಿ ಹಾಕಿದ.

"ಮಕ್ಕಳಾಟ ಅಲ್ಲ ಸಾ ಇದು. ಮಳೆಗಾಲ ಬಂದ್ರೆ ದೊರೆಗಳು ನಾಕು ಜನ ಸೇರ್ಕಂಡು, ಮೇಜಿನ ಮೇಲೆ ಮರಳು ಸುರ್ದು, ಗುಡ್ಡ ಕಟ್ಟಿ ಒಳೆ ಮಾಡಿ, ಇವನ್ನ ನಿಲ್ಸಿ ಯುದ್ಧ ಮಾಡೋರು. ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ."

ದೊರೆಗಳು ಆಡುತ್ತಿದ್ದರು ಎಂದ ಮೇಲೆ ಅದು ಆಟವಾಗಿ ಉಳಿಯಲಿಲ್ಲ, ವಿದ್ಯೆಯಾಯಿತು. ಮುತ್ತಯ್ಯನಿಗೆ ಕೆಲಸವೂ ಸಿಕ್ಕಿತು. ಕಾಯಿದೆ ಕಷ್ಟದ್ದಲ್ಲ. ಸರದಿ ಪ್ರಕಾರ ಒಬ್ಬೊಬ್ಬರು ತಮ್ಮ ಜನವನ್ನು ಗೇಣು ಅಳೆದು ಮುಂದೆ ತಳ್ಳುವುದು, ಎದುರಾದಲ್ಲಿ ದಾಳ ಹಾಕಿ ಯಾರು ಬಿದ್ದರು ಎಂದು ತೀರ್ಮಾನಿಸುವುದು. ದಾಳದ ಬದಲಿಗೆ ಮನೆಯಲ್ಲಿದ್ದ ಕವಡೆ ಬಂದವು. ಮೇಜಿನ ಬದಲಿಗೆ ಹೆಂಡತಿ ಚನ್ನಮಲ್ಲಮ್ಮನ ರೇಷ್ಮೆ ಹುಳುವಿನ ಬಿದಿರು ತಟ್ಟೆಗಳಲ್ಲಿ ದೊಡ್ಡದೊಂದು ಜಗಲಿಗೆ ಬಂತು. ಹುಳುಗಳು ಇಕ್ಕಟ್ಟಿನಲ್ಲಿ ಮೇಯಬೇಕಾಯಿತು. ಯುದ್ಧಕಾಲದಲ್ಲಿ ಪ್ರಜೆಗಳು ಅಷ್ಟು ಸಹಿಸಿಕೊಳ್ಳದಿದ್ದರೆ ಹೇಗೆ?

ಕೊರತೆಯಿದ್ದದ್ದು ಶತ್ರುವಿನದು. ಊರಿನಲ್ಲಿ ಅರ್ಧ ಜನ ಗುರುಮಲ್ಲಪ್ಪನವರ ಜಮೀನು ಗೇಣಿಗೆ ಮಾಡುವವರು. ಅವರನ್ನು ಕೂರಿಸಿದರೆ ಕವಡೆ ಹಾಕುವ ಮೊದಲೇ "ನಾ ಸೋತೆ ಬುಡಿ ಬುದ್ಧಿ" ಎಂದು ಎದ್ದುಬಿಡುತ್ತಿದ್ದರು. ಹೀಗಿರುವಾಗ ಯಳಂದೂರಿನಿಂದ ಬೀಗರು ಪುಟ್ಟಮಲ್ಲಪ್ಪನವರು ಬಂದರು.

ಅವರು ಬಂದದ್ದು ಯುದ್ಧಕ್ಕಲ್ಲ, ಸೊಸೆಯನ್ನು ಕರೆದುಕೊಂಡು ಹೋಗಲಿಕ್ಕೆ. ಗುರುಮಲ್ಲಪ್ಪನವರ ಒಬ್ಬಳೇ ಮಗಳು ಪುಟ್ಟಬಸಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಗಂಡು ಮಗು ಹೆತ್ತು, ಬಾಣಂತನ ಮುಗಿಸಿ ಕೂತಿದ್ದಳು. ಬಾಣಂತಿ ತಾನಾಗಿ ಗಂಡನ ಮನೆಗೆ ಹೋಗುವಂತಿಲ್ಲ. ಗಂಡನ ಮನೆಯ ಹಿರಿಯರು ಬಂದು ಕರೆಯಬೇಕು. ಅದೂ ಆಷಾಢ ಹುಟ್ಟುವ ಮೊದಲು. ಹುಟ್ಟಿದರೆ ಇನ್ನೊಂದು ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲ. ಪುಟ್ಟಮಲ್ಲಪ್ಪನವರು ಬಸವ ಜಯಂತಿ ಕಳೆದ ವಾರವೇ ಬಂದರು. ಕೈಕಾಲು ತೊಳೆದು ಜಗಲಿ ಹತ್ತಿದವರ ಕಣ್ಣಿಗೆ ತಟ್ಟೆ ಬಿತ್ತು.

"ಇದೇನ್ ಬೀಗ್ರೆ?"

"ಏನಿಲ್ಲ, ಒತ್ತು ಕಳೆಯಕ್ಕೆ. ಬನ್ನಿ, ಒಂದು ಕೈ ನೋಡಿ."

ಆ ಒಂದು ಕೈ ಜ್ಯೇಷ್ಠದವರೆಗೂ ನಡೆಯಿತು.

ಮೊದಲು ಕೋಟಿನ ತಕರಾರು. ಕೆಂಪು ಕೋಟು ಕುಂಪಣಿಯವರದು, ಅದನ್ನು ತೊಟ್ಟವರಿಗೆ ತಾನು ಸರದಾರನಾಗುವುದಿಲ್ಲ ಎಂದರು ಗುರುಮಲ್ಲಪ್ಪನವರು. ನೀಲಿಯವರು ಯಾವ ಮತದವರೋ ಎಂದರು ಬೀಗರು. ಎರಡು ದಂಡನ್ನೂ ಕೊಳ್ಳೇಗಾಲದ ಬಣ್ಣಗಾರನ ಬಳಿ ಕಳಿಸಿ, "ಮರ್ಯಾದಸ್ತರಂಗೆ ಕಾಣೋ ಅಂಗೆ ಮಾಡಯ್ಯ" ಎಂದು ಹೇಳಿಸಿದರು. ಬಣ್ಣಗಾರನಿಗೆ ಗೊತ್ತಿದ್ದ ಮರ್ಯಾದಸ್ತರು ಒಂದೇ ಬಗೆಯವರು. ಅಷ್ಟೂ ಜನಕ್ಕೆ ಬಿಳಿ ಅಂಗಿ, ಬಿಳಿ ಪೇಟ, ಹಣೆಗೆ ಮೂರೆಳೆ ವಿಭೂತಿ ಬಳಿದು ಕಳಿಸಿದ. ಪೆಟ್ಟಿಗೆ ತೆಗೆದು ನೋಡಿದರೆ ಯಾವುದೋ ಮದುವೆಯ ದಿಬ್ಬಣ ಬಂದೂಕು ಹಿಡಿದು ನಿಂತ ಹಾಗಿತ್ತು. ತನ್ನವರು ಯಾರು, ಶತ್ರು ಯಾರು ಎಂದು ಹೇಳಲು ನರಮನುಷ್ಯರಿಂದ ಸಾಧ್ಯವಿರಲಿಲ್ಲ. ಆದರೆ ಇವರಿಬ್ಬರೂ ವಾರದೊಳಗೆ ತಮ್ಮ ತಮ್ಮ ಜನವನ್ನು ಕುರುಬ ಕುರಿಯನ್ನು ಗುರುತಿಸಿದಂತೆ ಗುರುತಿಸತೊಡಗಿದರು. ಮೂಗು ಮೊಂಡಾದವನು ನಮ್ಮವನು, ಕುದುರೆಯ ಕಿವಿ ಹರಿದದ್ದು ನಿಮ್ಮದು.

ಆಮೇಲೆ ಗುಡ್ಡದ ತಕರಾರು. ಮರಳಿನ ಗುಡ್ಡಕ್ಕೆ ಯಾವ ಗಳಿಗೆಯಲ್ಲೋ ಮಾದಪ್ಪನ ಬೆಟ್ಟ ಎಂದು ಹೆಸರಿಟ್ಟುಬಿಟ್ಟಿದ್ದರು. ಸಿಪಾಯಿಗಳ ಕಾಲಿನಲ್ಲಿ ಬೂಟ್ಸು. ಬೂಟ್ಸು ಹಾಕಿಕೊಂಡು ಮಾದಪ್ಪನ ಬೆಟ್ಟ ಹತ್ತುವುದುಂಟೆ? ಬಿಚ್ಚೋಣವೆಂದರೆ ಸೀಸದ ಬೂಟ್ಸು. ಎರಡು ದಂಡೂ ವಾರಗಟ್ಟಲೆ ಬುಡದಲ್ಲಿ ನಿಂತು ಬೆಟ್ಟಕ್ಕೆ ಕೈಮುಗಿದವು. ಕೊನೆಗೆ ಯುದ್ಧವನ್ನೇ ಅಲ್ಲಿಂದ ಎತ್ತಿ, ನೀಲಿ ಕಲಸಿದ ಮರಳಿನಲ್ಲಿ ಕಾವೇರಿ ಹರಿಸಿ, ಸತ್ತೇಗಾಲದ ಸೇತುವೆಗೆ ಹಾಕಿದರು. ಸೇತುವೆ ಹಿಡಿದವನು ಗೆದ್ದ ಹಾಗೆ. ಸೋಮವಾರ ಮಾತ್ರ ಇಬ್ಬರೂ ಶಸ್ತ್ರ ಮುಟ್ಟುತ್ತಿರಲಿಲ್ಲ.

ಇದರಲ್ಲಿ ಅಂಥ ಸುಖವೇನು ಎಂದು ಊರು ನಗುತ್ತಿತ್ತು. ನಗುವವರಿಗೇನು, ಹಲ್ಲು ತೋರಿಸಿದರೆ ಮುಗಿಯಿತು. ಯಳಂದೂರಿನ ಮನೆಯಲ್ಲಿ ಪುಟ್ಟಮಲ್ಲಪ್ಪನವರು ಹೆಂಡತಿ ದೊಡ್ಡಬಸಮ್ಮನನ್ನು ಕೇಳದೆ ಹಿತ್ತಿಲ ನಿಂಬೆಹಣ್ಣನ್ನೂ ಕೀಳುವವರಲ್ಲ. ಇಲ್ಲಿ ಅವರು ನಿಲ್ಲು ಎಂದರೆ ಇನ್ನೂರು ಜನ ನಿಲ್ಲುತ್ತಿದ್ದರು, ಎದುರುಮಾತಿಲ್ಲ. ಇಲ್ಲಿ ಸತ್ತವನಿಗೆ ಹೆಂಡತಿಯಿಲ್ಲ, ತಿಥಿಯಿಲ್ಲ. ಮುಂದಿನ ಯುದ್ಧಕ್ಕೆ ಅವನೇ ಎದ್ದು ನಿಂತು ಮತ್ತೆ ಸಾಯಲು ತಯಾರು. ಬೆಳೆಯಾದರೆ ಮಳೆ ಕೈಕೊಡುತ್ತದೆ, ರೇಷ್ಮೆಯಾದರೆ ಗೂಡಿನ ಬೆಲೆ ಬೀಳುತ್ತದೆ. ತಟ್ಟೆಯಷ್ಟು ಭೂಮಿಯಲ್ಲಾದರೂ ತನ್ನ ಮಾತು ನಡೆಯುತ್ತದಲ್ಲ ಎನ್ನುವುದು ಗಂಡಸಿಗೆ ಕಡಿಮೆ ಸುಖವಲ್ಲ.

ಗುರುಮಲ್ಲಪ್ಪನವರ ಸುಖ ಇನ್ನೂ ಆಳದ್ದು. ಅವರು ಹೆಣ್ಣು ಕೊಟ್ಟವರು. ಮದುವೆಯಲ್ಲಿ ಪಾಯಸ ನೀರಾಗಿದೆ ಎಂದು ಈ ಬೀಗರೇ ಪಂಕ್ತಿಯಿಂದ ಎದ್ದು ಹೋದಾಗ, ಇಡೀ ಚಪ್ಪರದ ಎದುರಿಗೆ ಹಿಂದೆ ಓಡಿ ಕೈಹಿಡಿದು ಕರೆತಂದಿದ್ದರು. ಅಂದಿನಿಂದ ಬೀಗರು ಕೂತರೆ ಇವರು ನಿಲ್ಲಬೇಕು, ಅವರು ಕೆಮ್ಮಿದರೆ ಇವರು ನೀರು ತರಬೇಕು. ಈ ತಟ್ಟೆಯ ಮುಂದೆ ಮಾತ್ರ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಕವಡೆಗೆ ಗಂಡಿನ ಕಡೆ, ಹೆಣ್ಣಿನ ಕಡೆ ಗೊತ್ತಿಲ್ಲ. ಅದೂ ಅಲ್ಲದೆ ಗುರುಮಲ್ಲಪ್ಪನವರು ಗೆಲ್ಲುತ್ತಿದ್ದರು. ಬೀಗರ ಜನ ದಿನದಿನಕ್ಕೆ ಕರಗುತ್ತಿತ್ತು. ಇನ್ನೊಂದು ಗೇಣು ಸಾಗಿದರೆ ಸೇತುವೆ ಇವರದು.

ಪುಟ್ಟಮಲ್ಲಪ್ಪನವರು ಊರಿಗೆ ಹೊರಡದಿರಲು ಅದೇ ಕಾರಣ. ಗಂಡು ಹೆತ್ತವನು ಹೆಣ್ಣಿನ ಮನೆಯಲ್ಲಿ ಸೋತು ಹೋದ ಎನ್ನಿಸಿಕೊಂಡು ಗಾಡಿ ಹತ್ತುವುದೆ? ಪ್ರತಿದಿನವೂ "ನಾಳೆ ಓಯ್ತೀವಿ" ಎನ್ನುವರು. ಸೋಲುವ ಹೊತ್ತಿಗೆ ಸರಿಯಾಗಿ ತಲೆನೋವೆಂದು ಮಲಗುವರು.

ಅಷ್ಟರಲ್ಲಿ ಯಳಂದೂರಿನಿಂದ ರೇಷ್ಮೆ ಗೂಡಿನ ವ್ಯಾಪಾರಿಯೊಬ್ಬ ಮಾತೊಂದನ್ನು ಹೊತ್ತು ತಂದ. ಪುಟ್ಟಬಸಮ್ಮನ ಅತ್ತೆ ದೊಡ್ಡಬಸಮ್ಮ ತನ್ನ ತಮ್ಮನ ಮಗಳು ಕೆಂಪಾಜಮ್ಮನನ್ನು ಕರೆಸಿಕೊಂಡಿದ್ದಾಳೆ. ಹುಡುಗಿ ಮದುವೆಯ ವಯಸ್ಸಿಗೆ ಬಂದವಳು. ಅಡುಗೆಮನೆ ಆಗಲೇ ಅವಳ ಕೈಯಲ್ಲಿದೆ. ಸೊಸೆ ಆಷಾಢಕ್ಕೆ ಮೊದಲು ಬಂದರೆ ಬಂದಳು, ಇಲ್ಲದಿದ್ದರೆ ತವರಿನಲ್ಲೇ ಇರಲಿ, ನಮಗೇನು ಹೆಣ್ಣಿಗೆ ಬರವೇ ಎಂದು ಅತ್ತೆ ನೀರುಬಾವಿಯ ಹತ್ತಿರ ಹೇಳಿದಳಂತೆ. ಪುಟ್ಟಬಸಮ್ಮನ ಗಂಡ ಪುಟ್ಟಮಾದಪ್ಪ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಅವ್ವ ಹೇಳಿದರೆ ಎರಡನೆಯ ತಾಳಿಯನ್ನೂ ತಲೆ ತಗ್ಗಿಸಿಕೊಂಡು ಕಟ್ಟುವಷ್ಟು.

ಮಾತು ಕೇಳಿದ ಪುಟ್ಟಬಸಮ್ಮ ಜಗಲಿಗೆ ಬಂದಳು. ಯಾವಾಗ ಹೊರಡುವುದೆಂದು ಮಾವನನ್ನು ಕೇಳಿದಳು. ಮಾವ ತಟ್ಟೆಯಿಂದ ಕಣ್ಣು ತೆಗೆಯದೆ, "ಸೇತುವೆ ಬುಟ್ಬುಟ್ಟು ಬರಕ್ಕಾದದಾ ಮಗ" ಎಂದರು. ಮಾರನೆಯ ಬೆಳಗ್ಗೆ, ಬೀಗರು ಇನ್ನೂ ಕೆರೆಯ ಕಡೆಯಿಂದ ಬಂದಿರಲಿಲ್ಲ, ಅಪ್ಪ ಒಬ್ಬರೇ ಕುದುರೆಗಳಿಗೆ ಹರಳೆಣ್ಣೆ ಸವರುತ್ತಿದ್ದರು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಹೋಗಿ ನಿಂತಳು.

"ಅಪ್ಪ, ನನ್ನ ಯಾವತ್ತು ಕಳಿಸೀರಿ?"

"ಇನ್ನೇನವ್ವ, ಇವತ್ತೋ ನಾಳೆಯೋ ಬೀಗ್ರು ಸೋತೋಯ್ತರೆ. ಸೋತೇಟಿಗೆ ಗಾಡಿ ಕಟ್ಟಿಸ್ತೀನಿ."

"ಸೋತ್ರೆ ಅವರು ಓಗದಿಲ್ಲ ಕಣಪ್ಪ. ಗೆದ್ರೇನೆ ಓಗದು."

ಗುರುಮಲ್ಲಪ್ಪನವರು ಕುದುರೆಯನ್ನು ಕೆಳಗಿಟ್ಟರು.

"ನಿನ್ ಮದುವೇಲಿ ಊರೆಲ್ಲ ನೋಡ್ತಿದ್ದಂಗೆ ಅವರ ಹಿಂದೆ ಓಡಿದ್ದೀನಿ ಕಣವ್ವ. ನಮ್ ಬಾವಿ ನೀರು ಉಪ್ಪು ಅಂದ್ರು, ಅದಕ್ಕೂ ತಪ್ಪಾಯ್ತು ಅಂದೆ. ಇದೊಂದ ಗೆದ್ಕತೀನಿ. ಇದೊಂದೇ."

"ಗೆದ್ಕಳಿ. ನಾನು ಇಲ್ಲೇ ಇರ್ತೀನಿ. ನಿಮ್ ತಟ್ಟೆಗೆ ಮರಳು ಜರಡಿ ಇಡಿಯಕ್ಕೂ ಒಬ್ರು ಬೇಕಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಗುರುಮಲ್ಲಪ್ಪನವರು ಸಮಾಧಾನ ಹೇಳಿ ಕಳಿಸಿ ಮತ್ತೆ ಎಣ್ಣೆ ಸವರುತ್ತಿದ್ದರೋ ಏನೋ. ಮಗಳು ಒಳಗೆ ಹೋದ ಮೇಲೆ ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು, ಆ ಮಾತನ್ನೇ ಮೆಲುಕು ಹಾಕುತ್ತ ಕೂತರು.

ಅವತ್ತು ಅವರು ಸೋಲಲು ಕೂತರು. ಸೋಲುವುದು ಅಷ್ಟು ಸುಲಭವೆ? ಬೇಕೆಂದೇ ಒಂಟಿ ಸಿಪಾಯಿಯನ್ನು ಬೀಗರ ಗುಂಪಿನ ಮೇಲೆ ನುಗ್ಗಿಸಿದರೆ ಕವಡೆ ಅವನ ಕಡೆ ಬಿತ್ತು. ಮೂಗು ಮೊಂಡಾದ ಬಡಪಾಯಿ ನಾಲ್ಕು ಜನರನ್ನು ಕೆಡವಿದ. ಬೆನ್ನು ತೋರಿಸಿ ಹಿಂದೆ ಸರಿದರೆ ಬೀಗರು ಅದನ್ನೊಂದು ತಂತ್ರವೆಂದು ಹೆದರಿ ತಾವೂ ಹಿಂದೆ ಸರಿದರು. ಬೇಡವೆಂದವನ ಕೈಗೇ ಜಯಲಕ್ಷ್ಮಿ ಜೋತುಬಿದ್ದಿದ್ದಳು. ಮನಸ್ಸಿನಲ್ಲೇ ಮಾದಪ್ಪನಿಗೆ ಹರಕೆ ಹೊತ್ತರು. ಸೋಲಿಸು ತಂದೆ ಎಂದು ಹರಕೆ ಹೊತ್ತ ಸರದಾರ ಇವರೊಬ್ಬರೇ ಇರಬೇಕು.

ಮಾದಪ್ಪನೂ ಒಲಿಯದಿದ್ದಾಗ ಗುರುಮಲ್ಲಪ್ಪನವರು ತಮ್ಮ ಕುದುರೆ ಸವಾರರನ್ನೆಲ್ಲ ಒಟ್ಟು ಮಾಡಿದರು. ಸೇತುವೆಯ ತಲೆಯಲ್ಲಿ ತಮ್ಮದೇ ಫಿರಂಗಿಗಳಿದ್ದವು. ಹಿಂದಿನಿಂದ ಬಂದು ಅವುಗಳ ಮೇಲೇ ಏರಿಬಿದ್ದು, ಫಿರಂಗಿಯವರನ್ನು ಒಬ್ಬೊಬ್ಬರನ್ನಾಗಿ ಕೆಡವಿದರು. ಮಗಳು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ತೀರ್ಪು ಹೇಳಲು ಕೂತಿದ್ದ ಮುತ್ತಯ್ಯ ಬಾಯಿ ತೆಗೆದ. ಧಣಿಯ ಮುಖ ನೋಡಿ ಮುಚ್ಚಿಕೊಂಡ.

"ಅಯ್ಯೋ, ನಮ್ಮೋರಾ ಇವರು" ಎಂದರು ಗುರುಮಲ್ಲಪ್ಪನವರು. "ಎಲ್ಲಾರೂ ಇಬೂತಿ ಬಳ್ಕಂಡು ನಿಂತವ್ರೆ. ಗೊತ್ತೇ ಆಗ್ನಿಲ್ಲ ಬೀಗ್ರೆ."

ಪುಟ್ಟಮಲ್ಲಪ್ಪನವರು ತಟ್ಟೆಯನ್ನು ನೋಡಿದರು, ಬೀಗರನ್ನು ನೋಡಿದರು. ಆಮೇಲೆ ಉಳಿದಿದ್ದ ಒಂದು ಹಿಡಿ ಜನವನ್ನು ಸೇತುವೆ ದಾಟಿಸಿ, ಮೀಸೆ ತಿರುವಿ, "ಗಾಡಿ ಕಟ್ಟಿಸಿ" ಎಂದರು.

ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಗಾಡಿ ಹೊರಟಿತು. ಗುರುಮಲ್ಲಪ್ಪನವರು ನೊಗದ ಪಕ್ಕ ನಿಂತು ಬೀಗರಿಗೆ ಕೈಮುಗಿದರು. "ಏನಾದ್ರೂ ಎಚ್ಚುಕಮ್ಮಿ ಆಗಿದ್ರೆ ಒಟ್ಟೇಗಾಕಳಿ" ಎಂದು ನಗುತ್ತಲೇ ಹೇಳಿದರು. ಮಗಳ ಕಡೆ ಮಾತ್ರ ನೋಡಲಿಲ್ಲ. ಅವ್ವ ಚನ್ನಮಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪನಿಗೆ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಎರಡೂ ಮುಗಿದುಕೊಂಡಿದ್ದವು.

ಕೊಳ್ಳೇಗಾಲ ದಾಟಿ, ಮದರಾಸಿನವರ ಗಡಿ ಮುಗಿದು ಮೈಸೂರಿನದು ಶುರುವಾಗುವ ಕಡೆ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದರು. ಮಾವ ಎಲೆ ಅಡಿಕೆ ಹಾಕಿಕೊಂಡು ಹೇಳಿದರು.

"ನಿಮ್ಮಪ್ಪ ತಮ್ ಫಿರಂಗೀನ ತಾವೇ ಒಡ್ಕಂಡ್ರು ಕಣವ್ವ. ನಂಗೆ ತಿಳೀನಿಲ್ಲ ಅನ್ಕಂಡವ್ರೆ. ಅವರ ಜನಾನೆಲ್ಲ ನಾನು ಮಕ ನೋಡಿ ಯೋಳ್ತೀನಿ."

"ಮತ್ಯಾಕೆ ಸುಮ್ಕಾದ್ರಿ ಮಾವ?"

"ಯೋಳಿದ್ರೆ ನಾನು ಗೆದ್ದಂಗೆ ಆಯ್ತಿರ್ನಿಲ್ವಲ್ಲ."

ಯಳಂದೂರಿನ ಮನೆಯ ಬಾಗಿಲಲ್ಲಿ ದೊಡ್ಡಬಸಮ್ಮ ನಿಂತಿದ್ದಳು. ಪಕ್ಕದಲ್ಲಿ ಸೊಂಟಕ್ಕೆ ಉಗ್ರಾಣದ ಬೀಗದ ಕೈ ಸಿಕ್ಕಿಸಿಕೊಂಡ ಕೆಂಪಾಜಮ್ಮ. ಸತ್ತೇಗಾಲದ ಸೇತುವೆ ಗೆದ್ದ ಸರದಾರರು ಹೆಂಡತಿಯ ಮುಖ ನೋಡಿದವರೇ ಕಾಲು ತೊಳೆಯುವ ನೆಪ ಮಾಡಿ ಹಿತ್ತಿಲಿಗೆ ನಡೆದರು. ಗಂಡ ಪುಟ್ಟಮಾದಪ್ಪ ಕಂಬದ ಮರೆಯಲ್ಲಿ ಕಂಡೂ ಕಾಣದ ಹಾಗೆ ನಿಂತಿದ್ದ. ಪುಟ್ಟಬಸಮ್ಮ ಯಾರನ್ನೂ ಕಾಯಲಿಲ್ಲ. ಮಗುವನ್ನು ಅತ್ತೆಯ ಕೈಗೆ ಇಟ್ಟು, ಕಾಲಿಗೆ ನಮಸ್ಕಾರ ಮಾಡಿ, ನೇರ ಅಡುಗೆಮನೆಗೆ ಹೋಗಿ ಒಂದು ಮಣೆ ತಂದು ಹಾಕಿದಳು.

"ಕೂತ್ಕ ಕೆಂಪಾಜಿ. ಇಷ್ಟು ದಿನ ನಮ್ಮತ್ತೆನ ನೋಡ್ಕಂಡಿದ್ದೀಯ. ನಮ್ ಮನೆಗೆ ಬಂದ ನೆಂಟ್ರು ನೀನು, ನಿಂಗೆ ಮೊದ್ಲು ಬಡಿಸ್ತೀನಿ."

ಎಲೆ ಹಾಕಿಸಿಕೊಂಡು ಕೂತವಳು ನೆಂಟಳು. ನೆಂಟರು ಉಂಡ ಮೇಲೆ ಊರಿಗೆ ಹೋಗಬೇಕು. ಕೆಂಪಾಜಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಮೊಮ್ಮಗನ ಕಿವಿ ಯಾರ ಕಿವಿಯ ಹಾಗಿದೆ ಎಂದು ಪರೀಕ್ಷೆ ಮಾಡುತ್ತಿದ್ದಳು. ಕೆಂಪಾಜಮ್ಮ ಬೀಗದ ಕೈ ಬಿಚ್ಚಿಟ್ಟು ಕೂತಳು.

ಅಡುಗೆಮನೆಯ ಸದ್ದು ಹದಕ್ಕೆ ಬಂದ ಮೇಲೆ ಮಾವ ಹಿತ್ತಿಲಿನಿಂದ ಬಂದು ಮಗನ ಪಕ್ಕ ಊಟಕ್ಕೆ ಕೂತರು. ಪುಟ್ಟಬಸಮ್ಮ ಇಬ್ಬರ ಗಂಗಳಕ್ಕೂ ಮುದ್ದೆ ಹಾಕಿ, ಗಂಡನಿಗೆ ಸಾರು ಬಡಿಸಿದಳು. ಮಾವ ಸೇತುವೆಯ ಕಾಳಗವನ್ನು ಮೊದಲಿನಿಂದ ಹೇಳಲು ಶುರುಮಾಡಿದರು. ಅವರ ಕಥೆಯಲ್ಲಿ ಶತ್ರುವಿನ ಫಿರಂಗಿಗಳನ್ನು ಒಡೆದದ್ದು ಅವರ ಕುದುರೆಗಳೇ.

"ಕೊನೇಲಿ ನಿನ್ ಮಾವನ ಮಕ ನೋಡ್ಬೇಕಿತ್ತು ಕಣ್ಲಾ" ಎಂದು ಮಗನ ತೊಡೆ ತಟ್ಟಿ ನಕ್ಕರು.

"ನಾ ನೋಡ್ದೆ ಮಾವ" ಎಂದಳು ಪುಟ್ಟಬಸಮ್ಮ.

ಮಾವನ ಗಂಗಳದವರೆಗೆ ಬಂದಿದ್ದ ಸೌಟನ್ನು ಸಾರಿನ ಪಾತ್ರೆಗೇ ಬಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಸಾರು ಕೇಳೋಣವೆಂದರೆ ಬಾಗಿಲಲ್ಲಿ ದೊಡ್ಡಬಸಮ್ಮ ಕೂತಿದ್ದಳು. ಗೆದ್ದವರು ಬರೀ ಮುದ್ದೆಯನ್ನು ನೀರು ಕುಡಿದು ನುಂಗಿದರು.