ಒಂದೇ ದಿನದವಳು

ಚನ್ನಗಿರಿಯಲ್ಲಿ ಯುನಾನಿ ಔಷಧಿ ಕೊಡುತ್ತಿದ್ದ ಹಕೀಮ ದಾವೂದನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ೧೯೩೮ರ ಮಳೆಗಾಲದಲ್ಲಿ, ಹೆಣ್ಣುಮಗು ಹುಟ್ಟಿತು. ಮರುದಿನವೇ ಅದು ಉಸಿರು ಬಿಟ್ಟಿತು. ಹೆಸರಿಡದೆಯೇ ಮಣ್ಣು ಮಾಡಿ ಬಂದರು. ಅಂದಿನಿಂದ ಹೆಂಡತಿ ಆಮಿನಾ ಮಾತು ಬಿಟ್ಟಳು.

ಎರಡು ತಿಂಗಳು ಕಳೆದ ಮೇಲೆ, ಅವಳ ಮನಸ್ಸು ಚೂರು ಹಗುರಾದೀತೆಂದು ದಾವೂದ್ ಗಾಡಿ ಕಟ್ಟಿಸಿ ಸೂಳೆಕೆರೆಗೆ ಕರೆದೊಯ್ದ. ಅಲ್ಲಿ ಏರಿಯ ಪಕ್ಕ ತೆಳು ರೆಕ್ಕೆಯ ಹುಳಗಳು ರಾಶಿರಾಶಿ ಸತ್ತು ತೇಲುತ್ತಿದ್ದವು.

"ಇವಕ್ಕೇನಾಗೈತೆ?" ಎಂದಳು ಆಮಿನಾ.

ಅವಳು ಬಾಯಿ ಬಿಟ್ಟಳೆಂಬ ಸಂತೋಷದಲ್ಲಿ ದಾವೂದ್ ತಾನು ಓದಿದ್ದನ್ನೆಲ್ಲ ಹೇಳತೊಡಗಿದ. "ಇವುಗಳ ಆಯುಷ್ಯನೇ ಅಷ್ಟು. ಹಳೇ ಕಾಲದ ಗ್ರೀಕರು ಇದಕ್ಕೆ ಎಫೆಮೆರಾನ್ ಅಂತಿದ್ರು. ಹೆಮೆರಾ ಅಂದ್ರೆ ದಿನ. ಒಂದೇ ದಿನದ್ದು ಅಂತ ಅರ್ಥ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಒಂದು ದಿನ ಬದುಕೋ ಹುಳಕ್ಕೂ ಹೆಸರಿಟ್ಟಾರಲ್ರೀ," ಎಂದಳು ಆಮಿನಾ. "ನನ್ನ ಮಗಳಿಗೆ ಯಾಕೆ ಇಡಲಿಲ್ಲ?"

"ನಾಡಿ ಹಿಡಿದಾಗಲೇ ಗೊತ್ತಾಗಿತ್ತು, ಉಳಿಯಲ್ಲ ಅಂತ. ಹೆಸರಿಟ್ರೆ ನಿನಗೆ ಮರೆಯಾಕೆ ಆಗಲ್ಲ ಅಂದ್ಕೊಂಡೆ."

"ಏನಂತ ಕರೆದು ಅಳಲಿ ನಾನು?"

ದಾವೂದ್, ಅವಳು ಬಸುರಿಯಾಗಿದ್ದಾಗಲೇ ಮನಸ್ಸಿನಲ್ಲಿ ಆರಿಸಿಟ್ಟಿದ್ದ ಹೆಸರನ್ನು ಮೆಲ್ಲಗೆ ಹೇಳಿದ: "ಶಹರಬಾನು."

ಆಮಿನಾ ಏರಿಯ ಕಲ್ಲಿನ ಮೇಲೆ ಕುಸಿದು ಕೂತು, ಮಗಳ ಹೆಸರು ಹಿಡಿದು ಕೂಗಿ ಕೂಗಿ ಅತ್ತಳು. ದಾವೂದನೂ ಅವಳ ಪಕ್ಕ ಕೂತ. ಗಾಡಿಯವನು ಎತ್ತುಗಳನ್ನು ಮೆಲ್ಲಗೆ ದೂರಕ್ಕೆ ಹೊಡೆದುಕೊಂಡು ಹೋದ.