ಬಲದಿಂದ ಎಡಕ್ಕೆ

"ಅವಳಿಗೆ ಹುಡುಗರು ಬೇಡ. ಅಷ್ಟೇ!" ಎಂದು ಗುಂಗುರಿ ಊಟದ ಡಬ್ಬಿಯ ಮುಚ್ಚಳವನ್ನು ಮೇಜಿಗೆ ಕುಟ್ಟಿದಳು.

"ಹೋಗೇ, ಹುಡುಗರು ಬೇಡ್ವಂತೆ! ಮತ್ತೆ ಕೆನ್ನೆ ಕೆಂಪಾಗಿರೋದು ಯಾರಿಗಂತೆ?" ಎಂದಳು ಅತ್ತಿಗೆ.

ಜಗಳ ನಡೆದಿದ್ದುದು ಈ ಲೋಕದಲ್ಲೇ ಇಲ್ಲದ ಒಬ್ಬ ಹುಡುಗಿಯ ಬಗ್ಗೆ. ಕಟ್ಟುಹಲ್ಲು ತಯಾರಿಸುವ ಆ ಹಿಂಬದಿಯ ಕೋಣೆಯಲ್ಲಿ, ಊಟದ ಹೊತ್ತಿಗೆ ಮೇಣದ ದವಡೆಗಳನ್ನು ಪಕ್ಕಕ್ಕೆ ಸರಿಸಿ ಮಾಂಗಾ ಓದುವುದು ರೂಢಿಯಾಗಿಬಿಟ್ಟಿತ್ತು. ಜಪಾನಿನ ಆ ಪ್ರೇಮದ ಚಿತ್ರಕಥೆಗಳನ್ನು ತರುವವಳು ಗುಂಗುರುಕೂದಲಿನ ಗುಂಗುರಿ. ಅವಳಿಂದ ಹುಚ್ಚು ಹತ್ತಿದ್ದು ಮೂವರಲ್ಲಿ ಕಿರಿಯವಳಿಗೆ, ಅವಳಿಂದ ಅತ್ತಿಗೆಗೆ. ಅತ್ತಿಗೆ ಎಂದರೆ ಕಿರಿಯವಳ ಅಣ್ಣನ ಹೆಂಡತಿ. ಮನೆಯಲ್ಲೂ ಅವಳೇ, ಬಸ್ಸಿನ ಪಕ್ಕದ ಸೀಟಿನಲ್ಲೂ ಅವಳೇ, ಇಲ್ಲಿ ಪಕ್ಕದ ಸ್ಟೂಲಿನಲ್ಲೂ ಅವಳೇ. ಕಿರಿಯವಳಿಗೆ ನೆಮ್ಮದಿಯಾಗಿ ಒಂದು ನಿಟ್ಟುಸಿರು ಬಿಡಲೂ ಜಾಗವಿರಲಿಲ್ಲ.

ಇಷ್ಟು ದಿನ ಗುಂಗುರಿ ಓದಿ ಹೇಳುತ್ತಿದ್ದಳು, ಅತ್ತಿಗೆ ಕೇಳುತ್ತಿದ್ದಳು. ಇವತ್ತು ಮೊದಲ ಸಲ ಅತ್ತಿಗೆ ಪುಸ್ತಕವನ್ನು ತಾನೇ ಕೈಗೆ ತೆಗೆದುಕೊಂಡಿದ್ದಳು. ತೆರೆದ ಪುಟದಲ್ಲಿ ಮಾತಿಲ್ಲ, ಎರಡೇ ಚಿತ್ರ. ಬಲಗಡೆ, ಬಾಗಿಲಲ್ಲಿ ನಾಯಕ ನಿಂತಿದ್ದಾನೆ. ಎಡಗಡೆ, ಮಲಗಿರುವ ನಾಯಕಿಯ ತಲೆ ಸವರುತ್ತ ಅವಳ ಗೆಳತಿ, ಹೂವಿನಂಗಡಿಯ ಹುಡುಗಿ, ಕೆನ್ನೆ ಕೆಂಪಾಗಿ ಕೂತಿದ್ದಾಳೆ.

"ಇವಳು ಅವನಿಗೋಸ್ಕರ ಕಾಯ್ತಾ ಕೂತಿದಾಳೆ, ಆಮೇಲೆ ಅವನು ಬಂದ. ಕಣ್ಣಿಗೆ ಕಾಣಲ್ವಾ?" ಎಂದಳು ಅತ್ತಿಗೆ.

"ಅಯ್ಯೋ ಅಕ್ಕಾ, ಇದನ್ನ ಬಲಗಡೆಯಿಂದ ಓದ್ಬೇಕು! ಅವನು ಹೊರಟುಹೋದ. ಹೋದ್ಮೇಲೆ ಇವಳು ತಲೆ ಸವರಿದ್ಲು. ಇವಳ ಪ್ರೀತಿ ಗೆಳತಿ ಮೇಲೆ."

"ವಾದ ಗೆಲ್ಲೋಕೆ ಪುಸ್ತಕಾನೇ ತಿರುಗಿಸ್ತೀಯಲ್ಲೇ, ಭಲೇ! ಬಲಗಡೆಯಿಂದ ಯಾರಾದ್ರೂ ಓದ್ತಾರಾ?"

"ಬೇಕಾದ್ರೆ ಇವಳನ್ನೇ ಕೇಳಿ."

ಇಬ್ಬರೂ ಕಿರಿಯವಳತ್ತ ತಿರುಗಿದರು.

ಅವಳಿಗೆ ಗೊತ್ತಿಲ್ಲದೆ ಏನು? ಗುಂಗುರಿಯೇ ಅವಳ ಬೆರಳು ಹಿಡಿದು, ಚಿತ್ರದಿಂದ ಚಿತ್ರಕ್ಕೆ ನಡೆಸಿ ಕಲಿಸಿದ್ದಳು. ಪುಟ ಮುಗಿದ ಮೇಲೂ ಬೆರಳು ಬಿಟ್ಟಿರಲಿಲ್ಲ. ಆ ದಿನದಿಂದ ಕಿರಿಯವಳು ಗುಂಗುರಿಯನ್ನು ಪ್ರೀತಿಸುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಗುಂಗುರಿಗೂ.

ಇತ್ತ ಮನೆಯಲ್ಲಿ ಅತ್ತಿಗೆಯ ತಮ್ಮನ ಸಂಬಂಧ ಬಂದಿತ್ತು. ಕಿರಿಯವಳು ಬೇಡ ಎಂದಿದ್ದಳು, ಕಾರಣ ಕೇಳಿದರೆ ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಅತ್ತಿಗೆ ಆ ಕಾರಣವನ್ನು ಹುಡುಕುತ್ತಲೇ ಇದ್ದಳು.

"ಹೇಳೇ," ಎಂದಳು ಅತ್ತಿಗೆ. ದನಿ ಮೆತ್ತಗಾಗಿತ್ತು. "ನಿನಗೂ ಆ ಹೂವಿನವಳು ಹಾಗೇ ಕಾಣ್ತಾಳಾ?"

ಬಲದಿಂದ ಎಡಕ್ಕೆ ಎಂದರೆ ಮುಗಿಯಿತು, ಪುಸ್ತಕ ಓದುವ ಕ್ರಮ ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ತನ್ನ ಕೆನ್ನೆ ಬಿಸಿಯಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಭಯವಾಯಿತು. ಅಣ್ಣನ ಮುಖ, ಸಂಜೆಯ ಬಸ್ಸು, ಅಲ್ಲಿ ಇದೇ ಪಕ್ಕದ ಸೀಟು ನೆನಪಾಯಿತು.

"ಅತ್ತಿಗೆ ಓದಿದ್ದೇ ಸರಿ," ಎಂದಳು. "ಎಡಗಡೆಯಿಂದಾನೇ."

ಗುಂಗುರಿ ನಗಲು ಹೊರಟವಳು ಅವಳ ಮುಖ ನೋಡಿ ಮುಂದಕ್ಕೆ ಬಾಗಿದಳು. "ಏನಂದೆ?"

"ಆ ಹುಡುಗಿಗೆ ನಾಯಕ ಅಂದ್ರೆ ಇಷ್ಟ. ಗೆಳತಿ ಅಂದ್ರೆ ಬರೀ ಗೆಳತಿ." ಬೇಕಿಲ್ಲದಿದ್ದರೂ ಇನ್ನೊಂದು ಮಾತು ಸೇರಿಸಿದಳು, "ನೀನು ಎಲ್ಲದರಲ್ಲೂ ಇಲ್ಲದ್ದನ್ನ ಹುಡುಕ್ತೀಯ."

"ಆಯ್ತು," ಎಂದಳು ಗುಂಗುರಿ. "ನಾನೇ ತಪ್ಪು ಓದಿದೆ ಅನ್ಸತ್ತೆ."

ಅವಳು ಡಬ್ಬಿ ಮುಚ್ಚಿ, ತನ್ನ ಸ್ಟೂಲನ್ನು ಎತ್ತಿಕೊಂಡು ಪಾಲಿಶ್ ಯಂತ್ರದ ಕಡೆಗೆ ಹೋದಳು. ಯಂತ್ರ ಶುರುವಾಯಿತು. ಕಿರಿಯವಳಿಗೆ ಓಡಿಹೋಗಿ ಅವಳ ಕೈ ಹಿಡಿಯಬೇಕೆನಿಸಿತು. ಒಂದು ಮೇಣದ ದವಡೆಯನ್ನು ಎಳೆದುಕೊಂಡು ಹಲ್ಲು ಕೂರಿಸತೊಡಗಿದಳು.

ಗೆದ್ದ ಹಿಗ್ಗಿನಲ್ಲಿ ಅತ್ತಿಗೆ ಗುಂಗುರಿಯ ಚೀಲದಿಂದ ಮುಂದಿನ ಪುಸ್ತಕವನ್ನೂ ತೆಗೆದಳು. "ಇನ್ಮೇಲೆ ನಾವಿಬ್ರೇ ಓದ್ಕೊಳ್ಳೋಣ, ಬಿಡು," ಎನ್ನುತ್ತ ಎಡಗಡೆಯ ರಟ್ಟು ತೆರೆದಳು, ಕಥೆ ಮುಗಿಯುವ ಕಡೆಯಿಂದ. ಹುಬ್ಬೇರಿಸಿದಳು.

"ಇದೇನೇ ಇದು, ಶುರುವಲ್ಲೇ ಮದುವೆ ಮಾಡಿಬಿಟ್ಟಿದಾರೆ?"

"ಹೌದು ಅತ್ತಿಗೆ," ಎಂದಳು ಕಿರಿಯವಳು, "ಶುರುವೇ ಅದು."